ಹುಟ್ಟಿದ ಮಗುವಿಗೆ ಮಾರ್ಕ್ಸ್ ಕೊಡುವುದು ಏಕೆ? ವರ್ಜೀನಿಯಾ ಅಪ್ಗಾರ್ ಎಂಬ ವೈದ್ಯೆಯ ಕಥೆ

ಇತ್ತೀಚೆಗೆ ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಮಗು ಹುಟ್ಟಿದ್ದರೆ ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಸಮ್ಮರಿಯನ್ನು ಒಮ್ಮೆ ತೆಗೆದು ನೋಡಿ. ಮಗುವಿನ ತೂಕ, ಹುಟ್ಟಿದ ಸಮಯ ಬರೆದಿರುವ ಕಡೆಯೇ ಅಪ್ಗಾರ್ ಎಂಬ ಪದವೂ ಅದರ ಮುಂದೆ 8, 9 ಎಂಬಂಥ ಎರಡು ಅಂಕಿಗಳೂ ಸಾಮಾನ್ಯವಾಗಿ ಇರುತ್ತವೆ. ಈ ಅಂಕಿಗಳ ಸುತ್ತ ತಪ್ಪು ತಿಳಿವಳಿಕೆ ಬೇಕಾದಷ್ಟಿದೆ. ಹತ್ತಕ್ಕೆ ಹತ್ತು ಬಂದ ಮಗು ಜಾಣ ಆಗುತ್ತದೆ ಎನ್ನುವವರಿದ್ದಾರೆ. ಕಡಿಮೆ ಬಂದರೆ ಬುದ್ಧಿ ಬೆಳೆಯುವುದಿಲ್ಲ ಎಂದು ಹೆದರಿಸುವವರೂ ಇದ್ದಾರೆ. ಹುಟ್ಟಿದ ಕೂಡಲೇ ಜೋರಾಗಿ ಅಳದ ಮಗುವಿಗೆ ಮುಂದೆ ತೊಂದರೆ ಕಟ್ಟಿಟ್ಟದ್ದು ಎಂಬ ಮಾತಂತೂ ವಾಟ್ಸಾಪ್ ಬರುವ ಮೊದಲಿನಿಂದಲೂ ಚಾಲ್ತಿಯಲ್ಲಿದೆ.

ಅಪ್ಗಾರ್ ಎನ್ನುವುದು ಯಂತ್ರದ ಹೆಸರಲ್ಲ, ಕಾಯಿಲೆಯ ಹೆಸರೂ ಅಲ್ಲ. ಅದು ಅಮೆರಿಕದ ಒಬ್ಬ ವೈದ್ಯೆಯ ಮನೆತನದ ಹೆಸರು. ಆಕೆ ಮಕ್ಕಳ ಡಾಕ್ಟರೂ ಆಗಿರಲಿಲ್ಲ, ಹೆರಿಗೆ ಡಾಕ್ಟರೂ ಆಗಿರಲಿಲ್ಲ. ಅರಿವಳಿಕೆ ಕೊಡುವ, ಅಂದರೆ ಅನಸ್ತೇಶಿಯಾ ಡಾಕ್ಟರ್. ಅವರು ಈ ಅಂಕವನ್ನು ಯಾಕೆ ಹುಟ್ಟುಹಾಕಿದರು ಎಂದು ತಿಳಿದರೆ ಮೇಲಿನ ಮಾತುಗಳಲ್ಲಿ ಎಷ್ಟು ಹುರುಳಿದೆ ಎನ್ನುವುದೂ ತಿಳಿಯುತ್ತದೆ.

ವರ್ಜೀನಿಯಾ ಅಪ್ಗಾರ್ ಹುಟ್ಟಿದ್ದು 1909ರ ಜೂನ್ 7ರಂದು, ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ. ಮೂವರು ಮಕ್ಕಳಲ್ಲಿ ಕೊನೆಯವರು. ದೊಡ್ಡ ಅಣ್ಣ ಎಳವೆಯಲ್ಲೇ ಕ್ಷಯದಿಂದ ತೀರಿಕೊಂಡಿದ್ದ, ಇನ್ನೊಬ್ಬ ಅಣ್ಣನಿಗೆ ವಾಸಿಯಾಗದ ಚರ್ಮದ ಕಾಯಿಲೆ. ಮನೆಯಲ್ಲಿ ಕಾಯಿಲೆಯ ಮಾತು ಹೊಸದಾಗಿರಲಿಲ್ಲ. ತಂದೆ ಇನ್ಶೂರೆನ್ಸ್ ಕೆಲಸದಲ್ಲಿದ್ದವರು. ಬಿಡುವಿನಲ್ಲಿ ರೇಡಿಯೊ ಬಿಚ್ಚಿ ಜೋಡಿಸುವುದು, ನಕ್ಷತ್ರ ನೋಡುವುದು ಅವರ ಹುಚ್ಚು. ಸಂಗೀತವೂ ಆ ಮನೆಯಲ್ಲಿ ದಿನನಿತ್ಯದ್ದು. ವರ್ಜೀನಿಯಾ ಚಿಕ್ಕಂದಿನಿಂದಲೇ ಪಿಟೀಲು ನುಡಿಸುತ್ತಿದ್ದರು.

ಓದಿದ್ದು ಮಸಾಚುಸೆಟ್ಸ್‌ನ ಮೌಂಟ್ ಹೋಲಿಯೋಕ್ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿ, ಪ್ರಾಣಿಶಾಸ್ತ್ರ. ದುಡ್ಡಿಗೆ ಕಷ್ಟವಿತ್ತು. ವಿದ್ಯಾರ್ಥಿವೇತನ ಸಾಲದೆ ಸಣ್ಣಪುಟ್ಟ ಕೆಲಸ ಮಾಡಿದರು, ಅದರಲ್ಲಿ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಬೀದಿ ಬೆಕ್ಕು ಹಿಡಿದು ಕೊಡುವುದು! 1929ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಸೇರಿದರು. ತರಗತಿಯಲ್ಲಿದ್ದ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ಸೇರಿದ ಮರುತಿಂಗಳೇ ಅಮೆರಿಕದ ಷೇರುಪೇಟೆ ಕುಸಿದು ದೇಶವೇ ಬಡತನಕ್ಕೆ ಬಿತ್ತು. ಸಾಲ ಮಾಡಿಯೇ ಓದು ಮುಗಿಸಿ 1933ರಲ್ಲಿ ತರಗತಿಗೆ ನಾಲ್ಕನೆಯವರಾಗಿ ಪಾಸಾದರು.

ಅವರಿಗೆ ಬೇಕಿದ್ದುದು ಸರ್ಜನ್ ಆಗುವುದು. ಪ್ರೆಸ್‌ಬಿಟೇರಿಯನ್ ಆಸ್ಪತ್ರೆಯಲ್ಲಿ ಸರ್ಜರಿ ತರಬೇತಿಗೂ ಸೇರಿದರು, ಕೈ ಚುರುಕು ಎಂಬ ಹೆಸರೂ ಬಂತು. ಆದರೆ ವಿಭಾಗದ ಮುಖ್ಯಸ್ಥ ಅಲೆನ್ ವಿಪ್ಪಲ್ ಬೇರೆ ದಾರಿ ಹಿಡಿಯಲು ಸಲಹೆ ಕೊಟ್ಟರು. ಅವರು ತಯಾರು ಮಾಡಿದ ಬೇರೆ ಮಹಿಳಾ ಸರ್ಜನ್‌ಗಳಿಗೆ ಜೀವನ ನಡೆಸುವಷ್ಟು ಕೆಲಸ ಸಿಕ್ಕಿರಲಿಲ್ಲ. ಆಗ ಅರಿವಳಿಕೆ ಕೊಡುವ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ನರ್ಸ್‌ಗಳು. ಡಾಕ್ಟರುಗಳು ಅದನ್ನು ತಮ್ಮ ಅಂತಸ್ತಿಗೆ ಕಡಿಮೆ ಎಂದುಕೊಂಡಿದ್ದ ಕಾಲ. ಆದರೆ ಒಳ್ಳೆಯ ಅರಿವಳಿಕೆ ಇಲ್ಲದೆ ಸರ್ಜರಿ ಮುಂದುವರಿಯುವುದಿಲ್ಲ ಎನ್ನುವುದು ವಿಪ್ಪಲ್‌ಗೆ ಗೊತ್ತಿತ್ತು, ಅಪ್ಗಾರ್ ಅದಕ್ಕೆ ತಕ್ಕವರು ಎಂದೂ ಅನ್ನಿಸಿತ್ತು. ಸಲಹೆಯ ಹಿಂದೆ ಕಾಳಜಿ ಇದ್ದರೂ ಹೆಣ್ಣೆಂಬ ಕಾರಣಕ್ಕೆ ಒಬ್ಬರ ದಾರಿ ತಿರುಗಿತು ಎನ್ನುವುದನ್ನು ನಾವು ಮರೆಸಲಾರೆವು. ಹಾಗೆ ತಿರುಗಿದ್ದರಿಂದ ಜಗತ್ತಿನ ಹಸುಗೂಸುಗಳಿಗೆ ಲಾಭವಾಯಿತು ಎನ್ನುವುದು ಬೇರೆ ಮಾತು.

ಅರಿವಳಿಕೆ ಕಲಿಯಲು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಹೋದರು, ಆಮೇಲೆ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಗೆ ಬಂದರು. ಹೆಣ್ಣು ಡಾಕ್ಟರುಗಳು ಉಳಿದುಕೊಳ್ಳಲು ಸರಿಯಾದ ಜಾಗವೇ ಇರುತ್ತಿರಲಿಲ್ಲ. 1938ರಲ್ಲಿ ಕೊಲಂಬಿಯಾಕ್ಕೆ ಮರಳಿ ಅರಿವಳಿಕೆ ವಿಭಾಗ ಕಟ್ಟುವ ಹೊಣೆ ಹೊತ್ತರು. ಆ ಆಸ್ಪತ್ರೆಯಲ್ಲಿ ಒಂದು ವಿಭಾಗವನ್ನು ನಡೆಸಿದ ಮೊದಲ ಮಹಿಳೆ ಅವರೇ. ಹನ್ನೊಂದು ವರ್ಷ ದುಡಿದ ಮೇಲೆ, 1949ರಲ್ಲಿ, ಆ ವೈದ್ಯಕೀಯ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರೊಫೆಸರ್ ಆದರು. ಅದೇ ಹೊತ್ತಿಗೆ ಅರಿವಳಿಕೆ ಸ್ವತಂತ್ರ ಡಿಪಾರ್ಟ್‌ಮೆಂಟ್ ಆಯಿತು, ಅದರ ಮುಖ್ಯಸ್ಥನ ಕುರ್ಚಿ ಮಾತ್ರ ಒಬ್ಬ ಗಂಡಸಿಗೆ ಹೋಯಿತು.

ಕುರ್ಚಿ ಹೋದದ್ದರಿಂದ ಆಡಳಿತದ ಕಾಗದಪತ್ರಗಳ ಕಾಟವೂ ಹೋಯಿತು. ಅಪ್ಗಾರ್ ಹೆಚ್ಚು ಸಮಯವನ್ನು ಪಕ್ಕದ ಸ್ಲೋನ್ ಹೆರಿಗೆ ಆಸ್ಪತ್ರೆಯಲ್ಲಿ ಕಳೆಯತೊಡಗಿದರು.

ಮಗುವನ್ನು ನೋಡುವವರೇ ಇರಲಿಲ್ಲ

ಹೆರಿಗೆ ಕೋಣೆಯಲ್ಲಿ ಅರಿವಳಿಕೆ ಡಾಕ್ಟರ್ ನಿಲ್ಲುವುದು ತಾಯಿಯ ತಲೆಯ ಬಳಿ. ಅಲ್ಲಿಂದ ಅಪ್ಗಾರ್ ಕಂಡದ್ದು ಇಷ್ಟು. ಮಗು ಹೊರಬಂದ ಕೂಡಲೇ ಹೆರಿಗೆ ಡಾಕ್ಟರ ಗಮನ ತಾಯಿಯ ಮೇಲೆ: ಮಾಸು ಬಿದ್ದಿತೇ, ರಕ್ತಸ್ರಾವ ನಿಂತಿತೇ, ಹೊಲಿಗೆ ಬೇಕೇ. ಅದು ತಪ್ಪೂ ಅಲ್ಲ. ಮಗುವನ್ನು ಯಾರೋ ಒಬ್ಬರು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಒಯ್ಯುತ್ತಿದ್ದರು. ಅದು ಹೇಗಿದೆ ಎಂದು ನೋಡಿ ಬರೆದಿಡುವ ಒಂದು ಕ್ರಮ ಇರಲಿಲ್ಲ. ಒಬ್ಬ ಡಾಕ್ಟರಿಗೆ ಚೆನ್ನಾಗಿದೆ ಅನ್ನಿಸಿದ ಮಗು ಇನ್ನೊಬ್ಬರಿಗೆ ಸಪ್ಪಗೆ ಕಾಣಬಹುದಿತ್ತು. ತೀರಾ ಚಿಕ್ಕದಾಗಿ ಅಥವಾ ನೀಲಿಗಟ್ಟಿ, ಉಸಿರಾಡಲು ಒದ್ದಾಡುತ್ತಾ ಹುಟ್ಟಿದ ಎಷ್ಟೋ ಮಕ್ಕಳನ್ನು ಉಳಿಯುವುದಿಲ್ಲವೆಂದು ಕೈಬಿಡುತ್ತಿದ್ದರು, ಸತ್ತೇ ಹುಟ್ಟಿದ ಲೆಕ್ಕಕ್ಕೆ ಸೇರಿಸಿದ್ದೂ ಉಂಟು.

ಅಂಕಿಅಂಶವೂ ಅದನ್ನೇ ಹೇಳುತ್ತಿತ್ತು. 1930ರಿಂದ 1950ರ ದಶಕದವರೆಗೆ ಅಮೆರಿಕದಲ್ಲಿ ಶಿಶುಮರಣ ಒಟ್ಟಾರೆ ಇಳಿಯುತ್ತಾ ಬಂದಿತ್ತು. ಆದರೆ ಹುಟ್ಟಿದ ಮೊದಲ 24 ಗಂಟೆಯೊಳಗೆ ಸಾಯುವ ಮಕ್ಕಳ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು.

1949ರ ಒಂದು ಬೆಳಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುವಾಗ ಒಬ್ಬ ವಿದ್ಯಾರ್ಥಿ, ಆಗತಾನೇ ಹುಟ್ಟಿದ ಮಗುವಿನ ಸ್ಥಿತಿಯನ್ನು ಅಳೆಯುವುದು ಹೇಗೆ ಎಂದು ಅಪ್ಗಾರ್ ಅವರನ್ನು ಕೇಳಿದನಂತೆ. ಅವರು ಕೈಗೆ ಸಿಕ್ಕ ಚೀಟಿಯ ಮೇಲೆ ಐದು ಅಂಶ ಗೀಚಿ, ಅದನ್ನು ಪರೀಕ್ಷಿಸಿ ನೋಡಲು ಹೆರಿಗೆ ವಾರ್ಡಿಗೆ ನಡೆದರಂತೆ. ಚೀಟಿಯ ಕಥೆಗೆ ಹೇಳಿದವರು ಒಂದಿಷ್ಟು ಉಪ್ಪುಖಾರ ಸೇರಿಸಿರಬಹುದು. ದಾಖಲೆ ಹೇಳುವುದು ಇಷ್ಟು: 1952ರಲ್ಲಿ ಅರಿವಳಿಕೆ ತಜ್ಞರ ಸಭೆಯ ಮುಂದೆ ಈ ಪದ್ಧತಿಯನ್ನು ಇಟ್ಟರು, 1953ರಲ್ಲಿ ಅದು ಅಚ್ಚಾಯಿತು.

ಐದು ಅಂಶಗಳು ಯಾವುವು? ಹೃದಯ ಬಡಿತ, ಉಸಿರಾಟ, ಕೈಕಾಲುಗಳ ಬಿಗಿ, ಮುಟ್ಟಿದರೆ ಕೆಣಕಿದರೆ ಮಗು ತೋರುವ ಪ್ರತಿಕ್ರಿಯೆ, ಮತ್ತು ಮೈಬಣ್ಣ. ಒಂದೊಂದಕ್ಕೆ 0, 1 ಅಥವಾ 2. ಹೃದಯ ಬಡಿತವೇ ಇಲ್ಲದಿದ್ದರೆ 0, ನಿಮಿಷಕ್ಕೆ 100ಕ್ಕಿಂತ ಕಡಿಮೆ ಇದ್ದರೆ 1, ಹೆಚ್ಚಿದ್ದರೆ 2. ಉಸಿರಿಲ್ಲದಿದ್ದರೆ 0, ತಡೆತಡೆದು ಕ್ಷೀಣವಾಗಿ ಉಸಿರಾಡಿದರೆ 1, ಚೆನ್ನಾಗಿ ಉಸಿರಾಡಿ ಅತ್ತರೆ 2. ಕೈಕಾಲು ಜೋತುಬಿದ್ದರೆ 0, ಸ್ವಲ್ಪ ಮಡಿಸಿಕೊಂಡಿದ್ದರೆ 1, ಆಡಿಸುತ್ತಿದ್ದರೆ 2. ಕೆಣಕಿದಾಗ ಸುಮ್ಮನಿದ್ದರೆ 0, ಮುಖ ಕಿವುಚಿದರೆ 1, ಸೀನಿದರೆ, ಕೆಮ್ಮಿದರೆ, ಅತ್ತರೆ 2. ಮೈಯೆಲ್ಲ ನೀಲಿ ಅಥವಾ ಬಿಳುಚಿದ್ದರೆ 0, ಮೈ ಕೆಂಪಾಗಿ ಅಂಗೈ ಅಂಗಾಲು ಮಾತ್ರ ನೀಲಿ ಇದ್ದರೆ 1, ಪೂರಾ ಕೆಂಪಾಗಿದ್ದರೆ 2. ಒಟ್ಟು ಹತ್ತು. ಮಗು ಪೂರ್ತಿ ಹೊರಬಂದ ಒಂದು ನಿಮಿಷಕ್ಕೆ ಈ ಲೆಕ್ಕ. ಐದು ನಿಮಿಷಕ್ಕೆ ಇನ್ನೊಮ್ಮೆ ನೋಡುವ ರೂಢಿ ಆಮೇಲೆ ಬಂತು, ಚೀಟಿಯಲ್ಲಿ ಎರಡು ಅಂಕಿ ಇರುವುದು ಅದಕ್ಕೇ.

ಇದರಲ್ಲಿ ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ಕಣ್ಣು, ಕಿವಿ, ಎರಡು ಬೆರಳು, ಗಡಿಯಾರ ಇದ್ದರೆ ಸಾಕು. ನ್ಯೂಯಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಹುಟ್ಟಿದ ಈ ಲೆಕ್ಕ ನಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಗೂ ಸಲೀಸಾಗಿ ಬಂದದ್ದು ಹೀಗೆ. ಐದೂ ಅಂಶಗಳಿಗೆ ಒಂದೇ ತೂಕವಿದ್ದಂತೆ ಕಂಡರೂ ಅಪ್ಗಾರ್ ಅವರಿಗೆ ಹೃದಯ ಬಡಿತವೇ ಮುಖ್ಯ. ಮೈಬಣ್ಣದ ಮೇಲೆ ಅವರಿಗೆ ಹೆಚ್ಚು ಭರವಸೆ ಇರಲಿಲ್ಲ, ಮೊದಲ ಲೇಖನದಲ್ಲೇ ಹಾಗೆ ಬರೆದಿದ್ದಾರೆ. ನಮ್ಮ ಮಕ್ಕಳ ಮೈಬಣ್ಣದಲ್ಲಂತೂ ಕೆಂಪು, ನೀಲಿ ಥಟ್ಟನೆ ತಿಳಿಯುವುದಿಲ್ಲ. ತುಟಿ, ನಾಲಿಗೆ, ಅಂಗೈ, ಅಂಗಾಲು ನೋಡಬೇಕು.

ಅಂಕ ಕೊಡುವವರು ಯಾರು ಎನ್ನುವುದರ ಬಗ್ಗೆಯೂ ಅವರು ಎಚ್ಚರ ಹೇಳಿದ್ದರು: ಹೆರಿಗೆ ಮಾಡಿಸಿದವರು ತಾವೇ ಅಂಕ ಕೊಡಬಾರದು, ಬೇರೊಬ್ಬರು ಕೊಡಬೇಕು. ತನ್ನ ಕೆಲಸಕ್ಕೆ ತಾನೇ ಮಾರ್ಕ್ಸ್ ಹಾಕಿಕೊಂಡರೆ ಕೈ ಉದಾರವಾಗುತ್ತದಲ್ಲ!

ಅಸಲಿಗೆ ಈ ಲೆಕ್ಕದ ಉದ್ದೇಶ ಮಗುವಿನ ಭವಿಷ್ಯ ಹೇಳುವುದಾಗಿರಲಿಲ್ಲ. ಒಂದು ನಿಮಿಷಕ್ಕೆ ಅಂಕ ಬರೆಯಲೇಬೇಕು ಎಂದಾಗ ಯಾರಾದರೂ ಒಬ್ಬರು ಆ ಮಗುವಿನ ಬಳಿ ನಿಂತು ನೋಡಲೇಬೇಕಾಯಿತು. ನೋಡಿದ ಮೇಲೆ ಸುಮ್ಮನಿರಲಾಗದು. ಮೂರು ಬಂದ ಮಗುವನ್ನು ಐದು ನಿಮಿಷದೊಳಗೆ ಏಳಕ್ಕೆ ತರಬೇಕೆಂಬ ಛಲ ಹೆರಿಗೆ ಕೋಣೆಗಳಲ್ಲಿ ಹುಟ್ಟಿತು. ಅಪ್ಗಾರ್ ಕೊಟ್ಟ ದೊಡ್ಡ ಕೊಡುಗೆ ಇದೇ ಎಂದು ನಮಗನ್ನಿಸುತ್ತದೆ.

ಐದು ಅಂಶಗಳನ್ನು ನೆನಪಿಡಲು ಅಪ್ಗಾರ್ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಸೂತ್ರ ಮಾಡಿದ್ದು 1962ರಲ್ಲಿ, ಜೋಸೆಫ್ ಬಟರ್‌ಫೀಲ್ಡ್ ಎಂಬ ಮಕ್ಕಳ ಡಾಕ್ಟರ್. ಅದರಿಂದಾಗಿ ಅಪ್ಗಾರ್ ಎಂಬುದು ಬರೀ ಸೂತ್ರ, ಅಂಥ ಮನುಷ್ಯರೇ ಇರಲಿಲ್ಲ ಎಂದುಕೊಂಡ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದಾರೆ.

ಇಷ್ಟದ ಗ್ಯಾಸನ್ನು ಬಿಟ್ಟ ಬಗೆ

ಅಂಕ ಶುರುವಾದ ಮೇಲೆ ಇನ್ನೊಂದು ಸಂಗತಿ ಹೊರಬಂತು. ಡಂಕನ್ ಹೊಲಡೇ, ಸ್ಟ್ಯಾನ್ಲಿ ಜೇಮ್ಸ್ ಎಂಬ ಸಹೋದ್ಯೋಗಿಗಳ ಜೊತೆ ಸೇರಿ ಅಪ್ಗಾರ್ ಹಸುಗೂಸುಗಳ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಆಮ್ಲೀಯತೆ ಎಷ್ಟಿದೆ ಎಂದು ಅಳೆದರು. ಹುಟ್ಟುವಾಗ ಆಮ್ಲಜನಕ ಕಡಿಮೆ ಇರುವುದು ಮಾಮೂಲು, ಅದರಿಂದ ತೊಂದರೆಯಿಲ್ಲ ಎಂಬ ಹಳೆಯ ನಂಬಿಕೆ ಹುಸಿಯಾಯಿತು. ಅಂಕ ಕಡಿಮೆ ಇದ್ದ ಮಕ್ಕಳ ರಕ್ತದಲ್ಲಿ ಆಮ್ಲಜನಕ ಕಡಿಮೆ, ಆಮ್ಲೀಯತೆ ಹೆಚ್ಚು ಇರುವುದು ಕಂಡಿತು. ಜೊತೆಗೆ, ಹೆರಿಗೆಯ ವೇಳೆ ತಾಯಿಗೆ ಕೊಡುವ ಅರಿವಳಿಕೆ ಮಗುವನ್ನೂ ತಟ್ಟುತ್ತದೆ ಎನ್ನುವುದು ಸ್ಪಷ್ಟವಾಯಿತು. ಸೈಕ್ಲೋಪ್ರೊಪೇನ್ ಎಂಬ ಗ್ಯಾಸ್ ಕೊಟ್ಟ ತಾಯಂದಿರ ಮಕ್ಕಳು ಹೆಚ್ಚು ಮಂಕಾಗಿ ಹುಟ್ಟುತ್ತಿದ್ದವು.

ಆ ಗ್ಯಾಸ್ ಅಪ್ಗಾರ್ ಅವರಿಗೆ ಅಚ್ಚುಮೆಚ್ಚು. ಲೆಕ್ಕ ನೋಡಿದ ಮೇಲೆ ಹೆರಿಗೆಯಲ್ಲಿ ಅದನ್ನು ಬಳಸುವುದನ್ನೇ ಬಿಟ್ಟರು. ತನ್ನದೇ ಅಳತೆಗೋಲು ತನ್ನದೇ ಇಷ್ಟದ ಔಷಧವನ್ನು ತಪ್ಪೆಂದು ತೋರಿಸಿದಾಗ ವಾದಕ್ಕಿಳಿಯದೆ ಒಪ್ಪಿಕೊಂಡವರು ವಿಜ್ಞಾನದ ಚರಿತ್ರೆಯಲ್ಲೂ ತೀರಾ ಹೆಚ್ಚಿಲ್ಲ.

ಮುಂದೆ 12 ಸಂಸ್ಥೆಗಳು ಸೇರಿ 17,221 ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ ಈ ಅಂಕಕ್ಕೂ, ಅದರಲ್ಲೂ ಐದನೇ ನಿಮಿಷದ ಅಂಕಕ್ಕೂ, ಮಗು ಬದುಕುಳಿಯುವ ಸಾಧ್ಯತೆಗೂ ನಂಟಿದೆ ಎಂದು ಗೊತ್ತಾಯಿತು. ನರಮಂಡಲದ ಬೆಳವಣಿಗೆಯ ಜೊತೆಗೂ ನಂಟು ಕಂಡಿತು. ತಪ್ಪು ತಿಳಿವಳಿಕೆ ಹುಟ್ಟಿಕೊಂಡದ್ದು ಇಲ್ಲಿಯೇ. ಸಾವಿರಾರು ಮಕ್ಕಳ ಗುಂಪಿನ ಬಗ್ಗೆ ಹೇಳುವ ಮಾತು ನಿಮ್ಮ ಮನೆಯ ಒಂದು ಮಗುವಿಗೆ ಅನ್ವಯಿಸುವ ಜಾತಕ ಅಲ್ಲ. ಕಡಿಮೆ ಅಂಕ ಬಂದ ಮಕ್ಕಳಲ್ಲಿ ಬಹುಪಾಲು ಮುಂದೆ ಚೆನ್ನಾಗಿಯೇ ಬೆಳೆಯುತ್ತವೆ. ಈ ಅಂಕವೊಂದನ್ನೇ ಹಿಡಿದು ಮಗುವಿನ ಮಿದುಳಿಗೆ ಪೆಟ್ಟಾಗಿದೆ ಎಂದು ಹೇಳಕೂಡದು ಎನ್ನುವುದು ಅಮೆರಿಕದ ಮಕ್ಕಳ ತಜ್ಞರ ಮತ್ತು ಹೆರಿಗೆ ತಜ್ಞರ ಸಂಘಗಳದ್ದೇ ನಿಲುವು. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಕೈಕಾಲು ಬಿಗಿ ಇನ್ನೂ ಬಂದಿರುವುದಿಲ್ಲ, ಅಂಕ ಸಹಜವಾಗಿ ಕಡಿಮೆಯಾಗುತ್ತದೆ. ಇನ್ನು ಮೊದಲ ನಿಮಿಷಕ್ಕೇ ಹತ್ತಕ್ಕೆ ಹತ್ತು ಸಿಗುವುದು ಅಪರೂಪ, ಏಕೆಂದರೆ ಆರೋಗ್ಯವಂತ ಮಗುವಿನ ಅಂಗೈ ಅಂಗಾಲೂ ಆಗ ಸ್ವಲ್ಪ ನೀಲಿ ಇರುತ್ತವೆ. ನಿಮ್ಮ ಮಗುವಿಗೆ 9 ಬಂದಿದ್ದರೆ ಒಂದು ಮಾರ್ಕ್ಸ್ ಹೋಯಿತೆಂದು ಫ್ಯಾಮಿಲಿ ಗ್ರೂಪಿನಲ್ಲಿ ಯಾರೂ ಕೊರಗಬೇಕಾಗಿಲ್ಲ.

ಹಾಗಾದರೆ ಹುಟ್ಟಿದ ಕೂಡಲೇ ಅಳದ ಮಗು? ಬೇಕಾದದ್ದು ಉಸಿರು, ಅಳು ಅದರ ಒಂದು ಗುರುತಷ್ಟೆ. ಅಳದೆ ಚೆನ್ನಾಗಿ ಉಸಿರಾಡುತ್ತಿರುವ ಮಗುವಿಗೆ ಚಿಂತೆಯಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ತಲೆಕೆಳಗು ಹಿಡಿದು ಬೆನ್ನಿಗೆ ಬಾರಿಸುವುದು, ತಣ್ಣೀರು ಎರಚುವುದು ಅಪಾಯ. ಇಂದಿನ ಕ್ರಮ ಬಹಳ ಸರಳ: ಬೆಚ್ಚಗಿನ ಒಣ ಬಟ್ಟೆಯಲ್ಲಿ ಮಗುವನ್ನು ಒರೆಸುವುದು, ಬೆನ್ನನ್ನು ಮೆಲ್ಲಗೆ ಉಜ್ಜುವುದು. ಹೆಚ್ಚಿನ ಮಕ್ಕಳಿಗೆ ಇಷ್ಟೇ ಸಾಕು. ಆಗಲೂ ಉಸಿರಾಡದಿದ್ದರೆ ಆ ಮೊದಲ ನಿಮಿಷದೊಳಗೇ ಬ್ಯಾಗ್ ಮತ್ತು ಮಾಸ್ಕ್‌ನಿಂದ ಶ್ವಾಸಕೋಶಕ್ಕೆ ಗಾಳಿ ಕೊಡಬೇಕು. ಹೆರಿಗೆ ಕೋಣೆಯ ಸಿಬ್ಬಂದಿ ಇದನ್ನು ಬಂಗಾರದ ನಿಮಿಷ ಎನ್ನುತ್ತಾರೆ. ಇದಕ್ಕೆ ಅಪ್ಗಾರ್ ಅಂಕ ಬರಲಿ ಎಂದು ಕಾಯುವಂತಿಲ್ಲ. ಕಾಯುತ್ತಾ ಕೂತರೆ ಆ ಅಂಕ ಹುಟ್ಟಿದ ಉದ್ದೇಶವೇ ಕೆಡುತ್ತದೆ. ನಮ್ಮ ದೇಶದಲ್ಲಿ 2009ರಿಂದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಡಿ ಡಾಕ್ಟರು, ನರ್ಸುಗಳಿಗೆ ಈ ತರಬೇತಿಯನ್ನೇ ಕೊಡುತ್ತಿದ್ದಾರೆ.

ಇದರ ಉಲ್ಟಾ ತಪ್ಪೂ ಇದೆ, ಅದು ಹೆಚ್ಚು ಅಪಾಯದ್ದು. ಅಂಕ 9 ಇತ್ತು, ಮಗುವಿಗೆ ಏನೂ ಆಗದು ಎಂಬ ಧೈರ್ಯ. ಅಂಕ ಹೇಳುವುದು ಆ ಹೊತ್ತಿನ ಸ್ಥಿತಿಯನ್ನು ಮಾತ್ರ. ನಂಜು, ಕಾಮಾಲೆ, ನ್ಯುಮೋನಿಯ ಎರಡನೇ ದಿನವೋ ಹತ್ತನೇ ದಿನವೋ ಬರಬಹುದು. ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಫಿಟ್ಸ್ ಬಂದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ, ಎಬ್ಬಿಸಿದರೂ ಮಂಕಾಗಿಯೇ ಇದ್ದರೆ, ಹಳದಿ ಬಣ್ಣ ಅಂಗೈ ಅಂಗಾಲಿಗೂ ಹಬ್ಬಿದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ, ದಾರಿಯುದ್ದಕ್ಕೂ ಮಗುವನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗಿಡಿ. ಹಸುಗೂಸಿಗೆ ದೊಡ್ಡವರಂತೆ ಜ್ವರ ಬಂದೇ ಕಾಯಿಲೆ ತಿಳಿಯಬೇಕೆಂದಿಲ್ಲ, ಮೈ ತಣ್ಣಗಾಗುವುದೂ ನಂಜಿನ ಗುರುತು. ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಬಾಣಂತಿಯ ಮನೆಗೆ ಬರುವುದು ಈ ಲಕ್ಷಣಗಳನ್ನು ನೋಡಲಿಕ್ಕೇ. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ.

ಐವತ್ತರಲ್ಲಿ ಹೊಸ ಕೆಲಸ

ಅಪ್ಗಾರ್ ಜೀವನದ ಕಥೆ ಇಲ್ಲಿಗೇ ನಿಂತಿದ್ದರೂ ಸಾಕಿತ್ತು. ಆದರೆ ಐವತ್ತನೇ ವಯಸ್ಸಿಗೆ ಅವರು ರಜೆ ಹಾಕಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಓದಿದರು. ತಮ್ಮ ಲೆಕ್ಕಗಳನ್ನು ಇನ್ನೂ ಸರಿಯಾಗಿ ಅರ್ಥಮಾಡಿಕೊಳ್ಳಲು ಸಂಖ್ಯಾಶಾಸ್ತ್ರ ಬೇಕಿತ್ತು. 1959ರಲ್ಲಿ ಪದವಿ ಬಂತು, ಅದೇ ವರ್ಷ ಮಾರ್ಚ್ ಆಫ್ ಡೈಮ್ಸ್ ಎಂಬ ಸಂಸ್ಥೆ ಕರೆಯಿತು. ಮೊದಲು ಪೋಲಿಯೊ ವಿರುದ್ಧ ದುಡಿದಿದ್ದ ಸಂಸ್ಥೆ ಅದು. ಪೋಲಿಯೊಗೆ ಲಸಿಕೆ ಬಂದ ಮೇಲೆ ಹುಟ್ಟಿನಿಂದಲೇ ಬರುವ ದೋಷಗಳ ಕಡೆ ತಿರುಗಿತ್ತು. ಅಪ್ಗಾರ್ ಅದರ ಆ ವಿಭಾಗದ ಮುಖ್ಯಸ್ಥೆಯಾದರು. ಮತ್ತೆ ಆಪರೇಷನ್ ಥಿಯೇಟರಿಗೆ ಮರಳಲಿಲ್ಲ.

ಅಂಗವೈಕಲ್ಯದ ಮಗು ಹುಟ್ಟಿದರೆ ತಾಯಿಯ ಪಾಪ, ಮನೆತನದ ಶಾಪ ಎಂದು ಮುಚ್ಚಿಡುತ್ತಿದ್ದ ಕಾಲ, ಅಮೆರಿಕದಲ್ಲೂ. ಅಪ್ಗಾರ್ ಊರೂರು ತಿರುಗಿ, ಸಭೆಗಳಲ್ಲಿ, ಟಿವಿಯಲ್ಲಿ ಅದರ ಬಗ್ಗೆ ಬಿಚ್ಚಿ ಮಾತಾಡಿದರು. ಮಾತಿನ ವೇಗ ಮಾತ್ರ ಬರೆದುಕೊಳ್ಳುವವರಿಗೆ ಪೀಕಲಾಟ ಎನಿಸುವಷ್ಟು ಜೋರು. 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ದೊಡ್ಡದಾಗಿ ಹಬ್ಬಿತು. ಬಸುರಿಗೆ ಅದು ಬಂದರೆ ಅವಳಿಗೆ ನಾಲ್ಕು ದಿನದ ಜ್ವರ, ಗಂಧೆ ಅಷ್ಟೇ. ಹೊಟ್ಟೆಯೊಳಗಿನ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ. ಆ ಒಂದು ಅಲೆಯಲ್ಲಿ ಸುಮಾರು 20,000 ಮಕ್ಕಳು ಇಂಥ ದೋಷಗಳೊಂದಿಗೆ ಹುಟ್ಟಿದರು. 1969ರಲ್ಲಿ ಲಸಿಕೆ ಬಂದಾಗ ಎಲ್ಲರಿಗೂ ಕೊಡಿಸಬೇಕೆಂದು ದನಿಯೆತ್ತಿದವರಲ್ಲಿ ಅಪ್ಗಾರ್ ಒಬ್ಬರು.

ಅದೇ ಕಾಯಿಲೆಯ ವಿರುದ್ಧದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಲಸಿಕೆ ಹಾಕಿಸಿದರೆ ಮಕ್ಕಳು ಸಾಯುತ್ತಾರೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ಫಾರ್ವರ್ಡ್‌ಗಳು ಆಗ ಎಷ್ಟೋ ತಂದೆತಾಯಿಯರನ್ನು ಹೆದರಿಸಿದವು. ಈಗ ಈ ಲಸಿಕೆ ಮಾಮೂಲು ಪಟ್ಟಿಯಲ್ಲೇ ಇದೆ: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕೆಲಸದಾಚೆಗೂ ಅಪ್ಗಾರ್ ಸುಮ್ಮನೆ ಕೂರುವವರಲ್ಲ. ಮದುವೆಯಾಗಲಿಲ್ಲ. ಮೀನು ಹಿಡಿಯುವುದು, ಅಂಚೆಚೀಟಿ ಕೂಡಿಸುವುದು, ಐವತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿಯುವುದು. ಪರ್ಸಿನಲ್ಲಿ ಸದಾ ಒಂದು ಚಾಕು ಮತ್ತು ಗಂಟಲಿಗೆ ಹಾಕುವ ಉಸಿರಿನ ಕೊಳವೆ ಇರುತ್ತಿತ್ತು, ದಾರಿಯಲ್ಲಿ ಯಾರಿಗಾದರೂ ಉಸಿರು ನಿಂತರೆ ಬೇಕಾದೀತೆಂದು. ಕಾರ್ಲೀನ್ ಹಚಿನ್ಸ್ ಎಂಬ ಮಹಿಳೆ ಆಸ್ಪತ್ರೆಗೆ ರೋಗಿಯಾಗಿ ಬಂದಾಗ ಆಕೆ ಪಿಟೀಲು, ವಯೋಲಾ ಮಾಡುವವರು ಎಂದು ತಿಳಿದು ಅವರಿಂದ ವಾದ್ಯ ಮಾಡುವುದನ್ನೂ ಕಲಿತರು. ಆಸ್ಪತ್ರೆಯ ಟೆಲಿಫೋನ್ ಬೂತಿನಲ್ಲಿದ್ದ ಮೇಪಲ್ ಮರದ ಹಲಗೆ ವಯೋಲಾದ ಬೆನ್ನಿಗೆ ಹೇಳಿ ಮಾಡಿಸಿದಂತಿದೆ ಎಂದು ಇಬ್ಬರ ಕಣ್ಣೂ ಅದರ ಮೇಲೆ ಬಿತ್ತು. ಕೇಳಿದರೆ ಆಸ್ಪತ್ರೆಯವರು ಕೊಡಲಿಲ್ಲ. 1957ರ ಒಂದು ರಾತ್ರಿ ಅದೇ ಬಣ್ಣದ ಬೇರೆ ಹಲಗೆ ತಂದು, ಇದನ್ನು ಬಿಚ್ಚಿ ಅದನ್ನು ಕೂರಿಸಿದರು. ಹೊಸ ಹಲಗೆ ತುಸು ಉದ್ದವಾಯಿತು. ಅಪ್ಗಾರ್ ಹೊರಗೆ ಕಾವಲು ನಿಂತರೆ ಹಚಿನ್ಸ್ ಹೆಂಗಸರ ಶೌಚಾಲಯದಲ್ಲಿ ಕೂತು ಗರಗಸದಿಂದ ಕೊಯ್ದರು. ಪ್ರೊಫೆಸರ್ ಮಾಡಿದ ಈ ಕಳ್ಳತನವನ್ನು ನಾವು ಸಮರ್ಥಿಸುವುದಿಲ್ಲ, ವಯೋಲಾ ಮಾತ್ರ ಚೆನ್ನಾಗಿ ಬಂತಂತೆ.

1972ರಲ್ಲಿ ಜೋನ್ ಬೆಕ್ ಎಂಬ ಪತ್ರಕರ್ತೆಯ ಜೊತೆ ಸೇರಿ, ಹುಟ್ಟಿನ ದೋಷಗಳ ಬಗ್ಗೆ ತಂದೆತಾಯಿಯರಿಗೆ ತಿಳಿಯುವ ಭಾಷೆಯಲ್ಲಿ ಪುಸ್ತಕ ಬರೆದರು. ಎರಡು ವರ್ಷದ ಬಳಿಕ, 1974ರ ಆಗಸ್ಟ್ 7ರಂದು, ತಾವೇ ದುಡಿದಿದ್ದ ಕೊಲಂಬಿಯಾದ ಆಸ್ಪತ್ರೆಯಲ್ಲಿ ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 65 ವರ್ಷ. 1994ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರವಿರುವ 20 ಸೆಂಟಿನ ಅಂಚೆಚೀಟಿ ತಂದಿತು.